ಟ್ಯೂಬು ಯಾರು ಹಾಕುವುದು?

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮೆಡಿಕಲ್ ಕಾಲೇಜು ನಡೆಸುವ ಒಂದು ಸಣ್ಣ ಆಸ್ಪತ್ರೆ ಇದೆ. ಓದು ಮುಗಿಸಿದ ಇಂಟರ್ನ್‌ಗಳನ್ನು ಸರದಿಯ ಮೇಲೆ ಅಲ್ಲಿಗೆ ಕಳಿಸುತ್ತೇವೆ. ಆ ವರ್ಷ ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ನಾನು ವಾರ ವಾರವೂ ಅಲ್ಲಿಗೆ ಹೋಗತೊಡಗಿದ್ದೆ. ಯಾರಾದರೂ ಕೇಳಿದರೆ ಔಷಧಿ ದಾಸ್ತಾನು ನೋಡಬೇಕು ಎನ್ನುತ್ತಿದ್ದೆ. ನನ್ನನ್ನು ಅಲ್ಲಿಗೆ ಎಳೆಯುತ್ತಿದ್ದದ್ದು ಹೆದರಿಕೆ.

ಅಲ್ಲಿಯ ತುರ್ತು ಚಿಕಿತ್ಸೆ ಕೋಣೆಯಲ್ಲಿ ಒಬ್ಬ ಇಂಟರ್ನ್ ಇದ್ದಳು. ಹುಟ್ಟಿನಿಂದಲೇ ಎರಡೂ ಕಿವಿ ಮಂದ. ಶ್ರವಣಯಂತ್ರ ಹಾಕಿಕೊಂಡು, ಎದುರಿಗಿರುವವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದಳು. ಅಂಗವೈಕಲ್ಯವಿರುವ ವಿದ್ಯಾರ್ಥಿಗಳಿಗೆ ಕಾಲೇಜಿನಲ್ಲಿ ಸಮಾನ ಅವಕಾಶ ಸಿಗುವಂತೆ ನೋಡಿಕೊಳ್ಳುವ ಸಮಿತಿಗೆ, ಅಲ್ಲೇ ಪಾಠ ಹೇಳುವ ವೈದ್ಯೆಯಾದ ನಾನು ಅಧ್ಯಕ್ಷೆ. ಇಂಥವರನ್ನು ಓದಿಸುವುದಕ್ಕೆ ಕಾಲೇಜಿನ ಆಡಳಿತ ಮಂಡಳಿಯಲ್ಲಿ ಯಾರದೂ ತಕರಾರಿರಲಿಲ್ಲ. ತುರ್ತು ಕೋಣೆಯ ಮಾತು ಬಂದಾಗ ಮಾತ್ರ ನಮ್ಮ ಹಿರಿಯ ಸರ್ಜನ್ ಎದ್ದು ನಿಂತಿದ್ದರು. “ಲ್ಯಾಬಿನಲ್ಲಿ ಇರಲಿ, ಚರ್ಮರೋಗ ವಿಭಾಗದಲ್ಲಿ ಇರಲಿ. ಪ್ರಾಣ ಹೋಗುವ ಜಾಗದಲ್ಲಿ ಕಿವಿ ಬೇಕು ಮೇಡಂ. ನಾಳೆ ಏನಾದರೂ ಆದರೆ ಯಾರು ಜವಾಬ್ದಾರಿ?”

“ನಾನು” ಎಂದಿದ್ದೆ. ಹಾಗೆಂದ ಮೇಲೆಯೇ ನನಗೆ ನಿದ್ದೆ ಕೆಟ್ಟಿತು.

ಮಂಡಳಿ ಕೊನೆಗೆ ಪ್ರಯೋಗಕ್ಕೆಂದು ಒಪ್ಪಿತು. ಇವಳ ಸರದಿ ಮುಗಿದ ಮೇಲೆ ಮುಂದಿನವರ ವಿಷಯ ತೀರ್ಮಾನ ಎಂದಿತು. ಮುಂದಿನವರು ಆಗಲೇ ಕಾಲೇಜಿನಲ್ಲಿದ್ದರು. ಇವಳ ಹಾಗೆಯೇ ಕಿವಿ ಮಂದವಾದ ಒಬ್ಬ ಹುಡುಗ, ಪೋಲಿಯೋದಿಂದ ಕಾಲು ಸೋತ ಒಬ್ಬಳು. ಇವಳು ಎಲ್ಲಾದರೂ ಎಡವಿದರೆ ಅವರಿಬ್ಬರಿಗೂ ಬಾಗಿಲು ಮುಚ್ಚುತ್ತಿತ್ತು. ಬೇರೆ ಇಂಟರ್ನ್ ತಪ್ಪಿದರೆ ಅದು ಅವನೊಬ್ಬನ ತಪ್ಪು. ಇವಳು ತಪ್ಪಿದರೆ ಅದು ಕಿವಿಯ ತಪ್ಪಾಗುತ್ತಿತ್ತು.

ನಾವು ಮಾಡಿಕೊಂಡ ಏರ್ಪಾಡುಗಳು ಸರಳವಾಗಿದ್ದವು. ಮಾನಿಟರ್ ಕೂಗಿಕೊಂಡಾಗ ಕೆಂಪು ದೀಪವೂ ಮಿನುಗುವಂತೆ ಮಾಡಿಸಿದ್ದೆವು. ನರ್ಸ್‌ಗಳಿಗೆ ಬಾಯಿಯ ಜಾಗದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಇರುವ ಮಾಸ್ಕ್ ಕೊಟ್ಟಿದ್ದೆವು. ಅವಳ ಸ್ಟೆತಾಸ್ಕೋಪು ಎದೆಬಡಿತವನ್ನು ಮೊಬೈಲಿನ ಮೇಲೆ ಗೆರೆಯಾಗಿ ತೋರಿಸುತ್ತಿತ್ತು. ಶ್ವಾಸಕೋಶದ ಸದ್ದನ್ನು ಅದು ಅಷ್ಟು ಚೆನ್ನಾಗಿ ತೋರಿಸುತ್ತಿರಲಿಲ್ಲ. ಅಲ್ಲಿಗೆ ಇನ್ನೊಬ್ಬರ ಕಿವಿ ಬೇಕಿತ್ತು.

ಆ ದಿನ ಬೆಳಿಗ್ಗೆ ನಾನು ಹೋದಾಗ ಡ್ಯೂಟಿ ಡಾಕ್ಟರು ಹೆರಿಗೆ ಕೋಣೆಯಲ್ಲಿದ್ದರು. ಹೆತ್ತ ಹೆಂಗಸಿಗೆ ರಕ್ತಸ್ರಾವ ನಿಲ್ಲದೆ, ಅಲ್ಲಿಂದ ಕೈ ತೆಗೆಯುವ ಸ್ಥಿತಿಯಲ್ಲಿ ಅವರಿರಲಿಲ್ಲ. ತುರ್ತು ಕೋಣೆಯಲ್ಲಿ ಇಂಟರ್ನ್ ಮತ್ತು ಒಬ್ಬರು ನರ್ಸ್ ಮಾತ್ರ. ಮಂಚದ ಮೇಲೆ ಮೂವತ್ತರ ಆಸುಪಾಸಿನ ಹೆಂಗಸು. ಪಕ್ಕದಲ್ಲಿ ಆಕೆಯ ಗಂಡ, ಗಂಡನ ಅಣ್ಣ. ಹೊಸಬಾಳೆಯವರು, ಕುರಿ ಸಾಕುವವರು. ಈಸೂರಿನ ಹತ್ತಿರ ಕೊಯ್ಲಾದ ಗದ್ದೆಯಲ್ಲಿ ಮಂದೆ ತರುಬಿ, ಅಲ್ಲೇ ಗುಡಾರ ಹಾಕಿಕೊಂಡು ಮಲಗಿದ್ದರಂತೆ. ಬೆಳಗಾಗುತ್ತಲೇ ಆಕೆಗೆ ಹೊಟ್ಟೆನೋವು, ವಾಂತಿ.

ನನ್ನನ್ನು ಕಂಡದ್ದೇ ಇಂಟರ್ನ್ ಹತ್ತಿರ ಬಂದಳು.

“ಮೇಡಂ, ಈ ಅಕ್ಕ ಹೇಳೋದು ನಂಗೆ ಗೊತ್ತಾಗ್ತಿಲ್ಲ. ಬಂದಾಗ ಗೊತ್ತಾಗ್ತಿತ್ತು. ಈಗ ತುಟಿ ಓದಕ್ಕೇ ಆಗ್ತಿಲ್ಲ. ನೀವೊಮ್ಮೆ ಕೇಳ್ತೀರಾ?”

ಮಂಡಳಿಯಲ್ಲಿ ಹಿರಿಯ ಸರ್ಜನ್ ಕೇಳಿದ್ದೂ ಇದನ್ನೇ. ರೋಗಿಯ ಮಾತೇ ತಿಳಿಯದಿದ್ದರೆ ರೋಗ ಹೇಗೆ ತಿಳಿಯುತ್ತದೆ ಎಂದು. ಹುಡುಗಿಯ ಮಾನ ಉಳಿಸಬೇಕು ಎಂದುಕೊಂಡೇ ಮಂಚದ ಹತ್ತಿರ ಹೋದೆ.

“ಏನಾಗ್ತಿದೆ ಅಮ್ಮ?” ಎಂದೆ.

ಆಕೆ ಏನೋ ಹೇಳಿದಳು. ನನಗೂ ತಿಳಿಯಲಿಲ್ಲ. ನನ್ನ ಎರಡೂ ಕಿವಿ ನೆಟ್ಟಗಿವೆ, ಆದರೂ ತಿಳಿಯಲಿಲ್ಲ. ಮಾತು ಬಾಯಲ್ಲೇ ಕಲಸಿಕೊಂಡು ಹೊರಗೆ ಬರುತ್ತಿತ್ತು. ಮುಖ ಬೆಳಕಿಗೆ ತಿರುಗಿಸಿ ನೋಡಿದೆ. ಎರಡೂ ರೆಪ್ಪೆಗಳು ಅರ್ಧ ಇಳಿದಿದ್ದವು. ಮೇಲೆ ನೋಡು ಎಂದರೆ ಹಣೆಯಷ್ಟೇ ಸುಕ್ಕಾಯಿತು, ರೆಪ್ಪೆ ಏಳಲಿಲ್ಲ. ತಲೆ ಎತ್ತು ಎಂದೆ. ದಿಂಬಿನಿಂದ ಒಂದಿಷ್ಟು ಎತ್ತಿ ಹಾಗೇ ಬಿಟ್ಟಳು. ಒಂದೇ ಉಸಿರಿನಲ್ಲಿ ಎಣಿಸು ಎಂದೆ. ಹತ್ತು ಮುಟ್ಟುವ ಮೊದಲೇ ಉಸಿರು ಸೋತಿತು.

“ನೆಲದ ಮೇಲೆ ಮಲಗಿದ್ರಾ? ಏನಾದ್ರೂ ಕಚ್ಚಿತ್ತಾ?” ಎಂದು ಗಂಡನನ್ನು ಕೇಳಿದೆ.

“ಬೆಳಗಿನ ಜಾವ ಕಿವಿ ಹಿಂದೆ ಏನೋ ಚುಚ್ಚಿದಂಗಾತು ಅಂದ್ಲು. ಇರುವೆ ಇರಬೇಕು ಮಲಕ್ಕ ಅಂದೆ” ಎಂದ ಅವನು.

ಕಿವಿಯ ಹಿಂದೆ ಕೂದಲು ಸರಿಸಿ ಹುಡುಕಿದೆವು. ಊತವಿಲ್ಲ, ರಕ್ತವಿಲ್ಲ, ಗುರುತೂ ಇಲ್ಲ. ಕಟ್ಟುಹಾವು ಕಚ್ಚಿದರೆ ಹೀಗೇ. ಅದು ಮಲಗಿದವರನ್ನು ಕಚ್ಚುತ್ತದೆ, ನೋವೂ ಅಷ್ಟಾಗಿ ಆಗುವುದಿಲ್ಲ. ಹೊಟ್ಟೆನೋವಿನಿಂದ ಶುರುವಾಗಿ ಆಮೇಲೆ ರೆಪ್ಪೆ, ನಾಲಿಗೆ, ಗಂಟಲು, ಕೊನೆಗೆ ಉಸಿರಾಡುವ ಸ್ನಾಯುಗಳು ಒಂದೊಂದಾಗಿ ನಿಲ್ಲುತ್ತವೆ.

ತುಟಿ ಓದಲಾಗದ್ದು ತನ್ನ ಸೋಲೆಂದು ಇಂಟರ್ನ್ ತಿಳಿದಿದ್ದಳು. ಆ ತುಟಿಗಳೇ ಸೋಲತೊಡಗಿದ್ದು ಅವಳಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಆದರೆ ಗೊತ್ತಾಗುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದಳು. ಹೇಳಲು ನಾಚಿಕೊಂಡು ಗ್ಯಾಸಿನ ಇಂಜೆಕ್ಷನ್ ಕೊಟ್ಟು ಕಳಿಸಿದ್ದರೆ ಎಂದು ಈಗಲೂ ಯೋಚಿಸುತ್ತೇನೆ.

ಗಂಡನ ಅಣ್ಣ ಮುಂದೆ ಬಂದ. “ಹಾವು ಎಲ್ಲಿ ಕಚ್ಚೈತ್ರೀ? ಗಾಯ ಇಲ್ಲ, ಏನಿಲ್ಲ. ಹೊಟ್ಟೆನೋವು ಅಂತ ಕರ್ಕಂಡು ಬಂದ್ರೆ ಹಾವು ಅಂತೀರಲ್ರೀ!”

ಅವನಿಗೆ ವಿವರಿಸುತ್ತಲೇ ಕೆಲಸ ಶುರು ಮಾಡಿದೆವು. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಪುಡಿಯ ರೂಪದಲ್ಲಿ ಬರುತ್ತದೆ. ನೀರು ಬೆರೆಸಿ ಸೀಸೆಯನ್ನು ಮೆಲ್ಲಗೆ ತಿರುಗಿಸಬೇಕು, ಕುಲುಕಿದರೆ ನೊರೆಯಾಗುತ್ತದೆ. ಜೀವ ಅವಸರ ಪಡುವಾಗ ಕೈ ನಿಧಾನ ಮಾಡುವುದು ಬಹಳ ಕಷ್ಟ. ನರ್ಸ್ ಒಂದೊಂದೇ ಸೀಸೆ ತಿರುಗಿಸುತ್ತಿದ್ದರು, ಇಂಟರ್ನ್ ಅದನ್ನು ಸಲೈನಿಗೆ ಸೇರಿಸುತ್ತಿದ್ದಳು. ಪ್ರತಿವಿಷಕ್ಕೆ ಮೈ ಒಗ್ಗದೆ ಹೋದರೆ ಇರಲಿ ಎಂದು ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿ ಟ್ರೇಯಲ್ಲಿ ಇಟ್ಟೆ. ಸ್ನಾಯುಗಳಿಗೆ ಬಲ ಬರಲೆಂದು ಕೊಡುವ ಇನ್ನೊಂದು ಇಂಜೆಕ್ಷನ್ನನ್ನೂ ಕೊಟ್ಟೆವು. ರೆಪ್ಪೆ ಏಳಲಿಲ್ಲ. ಆಗಲೇ ನರಗಳ ತುದಿಯಲ್ಲಿ ಕುಳಿತ ವಿಷವನ್ನು ಯಾವ ಔಷಧವೂ ಎಬ್ಬಿಸಲಾರದು. ದೇಹವೇ ಸರಿಯಾಗುವ ತನಕ ಯಾರಾದರೂ ಆಕೆಯ ಪರವಾಗಿ ಉಸಿರಾಡಬೇಕು. ನಮ್ಮಲ್ಲಿ ವೆಂಟಿಲೇಟರ್ ಇರಲಿಲ್ಲ. ಅದಿರುವುದು ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಯಲ್ಲಿ.

ಅಷ್ಟರಲ್ಲಿ ಆಕೆಯ ಬಾಯಲ್ಲಿ ಜೊಲ್ಲು ತುಂಬತೊಡಗಿತು. ನುಂಗಲು ಆಗುತ್ತಿರಲಿಲ್ಲ. ಎದೆ ಏಳುವುದು ಕಡಿಮೆಯಾಗಿ ಹೊಟ್ಟೆ ಮಾತ್ರ ಅಲುಗುತ್ತಿತ್ತು. ಗಂಟಲಿಗೆ ಟ್ಯೂಬು ಇಳಿಸದೆ ಆಕೆಯನ್ನು ರಸ್ತೆಗೆ ಒಯ್ದರೆ ಶಿಕಾರಿಪುರ ದಾಟುವ ಮೊದಲೇ ಹೋಗುತ್ತಿದ್ದಳು.

ಟ್ಯೂಬು ಯಾರು ಹಾಕುವುದು?

ಹೆರಿಗೆ ಕೋಣೆಯ ಬಾಗಿಲಿಗೆ ಓಡಿದೆ. ಡ್ಯೂಟಿ ಡಾಕ್ಟರು ಒಳಗಿಂದಲೇ ಕೂಗಿದರು, “ಕೈ ತೆಗೆದ್ರೆ ಇವಳು ಹೋಗ್ತಾಳೆ ಮೇಡಂ! ನೀವೇ ನೋಡ್ಕೊಳ್ಳಿ!”

ನಾನು ಟ್ಯೂಬು ಹಾಕಿ ವರ್ಷಗಳೇ ಆಗಿದ್ದವು. ಸಮಿತಿ, ಸಭೆ, ಪರೀಕ್ಷೆ, ಪಾಠ ಎಂದು ಕೈ ಬೇರೆ ಕೆಲಸಕ್ಕೆ ಒಗ್ಗಿಹೋಗಿತ್ತು. ಇಂಟರ್ನ್ ಅರಿವಳಿಕೆ ವಿಭಾಗದ ಸರದಿಯನ್ನು ಆಗಷ್ಟೇ ಮುಗಿಸಿ ಬಂದವಳು. ದಿನವೂ ಆಪರೇಷನ್ ಥಿಯೇಟರಿನಲ್ಲಿ ಟ್ಯೂಬು ಹಾಕಿದ್ದಳು. ಅಲ್ಲಿಯ ಪ್ರೊಫೆಸರು ಅವಳ ಕೈಯನ್ನು ಹೊಗಳಿದ್ದನ್ನು ನಾನೇ ಕೇಳಿದ್ದೆ.

ನಾನು ಹಾಕಲು ಹೋಗಿ ತಪ್ಪಿದರೆ ಒಬ್ಬ ಹೆಂಗಸು ಸಾಯುತ್ತಾಳೆ. ಇವಳು ಹಾಕಲು ಹೋಗಿ ತಪ್ಪಿದರೆ ಆ ಹೆಂಗಸೂ ಸಾಯುತ್ತಾಳೆ, ಹಿಂದೆ ಕಾಯುತ್ತಿರುವವರ ಬಾಗಿಲೂ ಮುಚ್ಚುತ್ತದೆ. ನನ್ನ ತಲೆ ಈ ಲೆಕ್ಕವನ್ನೇ ಹಾಕುತ್ತಿತ್ತು. ಆಮೇಲೆ ಆಕೆಯ ಉಗುರು ನೋಡಿದೆ. ನೀಲಿಗೆ ತಿರುಗುತ್ತಿದ್ದವು. ಆಗ ಒಂದೇ ಪ್ರಶ್ನೆ ಉಳಿಯಿತು. ಈ ಕೋಣೆಯಲ್ಲಿ ಈ ಕೆಲಸಕ್ಕೆ ಯಾರ ಕೈ ಒಳ್ಳೆಯದು?

ಇಂಟರ್ನ್ ಹುಡುಗಿಯ ಭುಜ ಮುಟ್ಟಿ, ಅವಳು ನನ್ನ ಕಡೆ ತಿರುಗಿದ ಮೇಲೆ ಹೇಳಿದೆ, “ನೀನು ಹಾಕು. ನಾನು ಕೇಳಿಸಿಕೊಳ್ತೀನಿ.”

ಗಂಡನ ಅಣ್ಣ ಅದನ್ನು ಕೇಳಿಸಿಕೊಂಡ. ಅವಳ ಕಿವಿಯ ಯಂತ್ರವನ್ನು ಮೊದಲೇ ನೋಡಿದ್ದನೆಂದು ಕಾಣುತ್ತದೆ. “ಕಿವಿ ಕೇಳದ ಹುಡುಗಿ ಕೈಯಾಗೆ ಜೀವ ಕೊಡ್ತೀರೇನ್ರೀ? ನೀವು ದೊಡ್ಡ ಡಾಕ್ಟ್ರು ಅಲ್ವೇನ್ರೀ, ನೀವ್ಯಾಕೆ ಮಾಡಲ್ಲ?”

“ಈ ಕೆಲಸಕ್ಕೆ ನನಗಿಂತ ಅವಳ ಕೈ ಚೆನ್ನಾಗಿದೆ. ಹೊರಗೆ ನಿಂತ್ಕೊಳ್ಳಿ” ಎಂದೆ. ನರ್ಸ್ ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು.

ನಿದ್ದೆ ಬರಿಸುವ ಔಷಧ ಸ್ವಲ್ಪ ಕೊಟ್ಟೆವು. ಇಂಟರ್ನ್ ತಲೆಯ ಹತ್ತಿರ ನಿಂತಳು. ಆಮೇಲೆ ಬಗ್ಗಿ ಆಕೆಗೆ ಹೇಳಿದಳು, “ಅಕ್ಕಾ, ಈಗ ಬಾಯಿ ತೆಗೀತೀನಿ. ಗಂಟಲಿಗೆ ಒಂದು ಪೈಪ್ ಹಾಕ್ತೀನಿ. ಉಸಿರು ನಾವು ಕೊಡ್ತೀವಿ.” ಅವಳ ಮಾತಿನಲ್ಲಿ ಕೆಲವು ಅಕ್ಷರ ಮಸುಕಾಗುತ್ತವೆ. ಆದರೂ ತಿಳಿಯುತ್ತಿತ್ತು.

ಮೊದಲ ಸಲ ಟ್ಯೂಬು ಅನ್ನನಾಳಕ್ಕೆ ಹೋಯಿತು. ನರ್ಸ್ ಗಾಳಿಯ ಚೀಲ ಒತ್ತಿದಾಗ ಹೊಟ್ಟೆಯ ಮೇಲಿಟ್ಟ ನನ್ನ ಸ್ಟೆತಾಸ್ಕೋಪಿನಲ್ಲಿ ಗುಳಗುಳ ಸದ್ದು ಕೇಳಿತು. ಬೇಡ ಎಂದು ತಲೆಯಾಡಿಸಿದೆ. ಎದೆ ಏಳದ್ದನ್ನು ನೋಡಿ ಅವಳು ಆಗಲೇ ಅದನ್ನು ಎಳೆಯುತ್ತಿದ್ದಳು. ಮತ್ತೆ ಮಾಸ್ಕ್ ಇಟ್ಟು ಗಾಳಿ ಕೊಟ್ಟೆವು. ಆಕ್ಸಿಜನ್ನಿನ ಅಂಕೆ ಇಳಿದದ್ದು ಏರಲು ತಡ ಮಾಡಿತು. ಹೊರಗೆ ಅಣ್ಣ ಬಾಗಿಲಿನ ಗಾಜಿನಿಂದ ಎಲ್ಲ ನೋಡುತ್ತ ಬಾಗಿಲು ಬಡಿಯುತ್ತಿದ್ದ. ನಾನು ಹಾಕಲೇ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ನಾನು ಬಾಯಿ ತೆರೆಯಲಿಲ್ಲ.

ಎರಡನೆಯ ಸಲ ದಾರಿ ತೋರಲು ಒಂದು ತೆಳುವಾದ ಕಡ್ಡಿ ಬಳಸಿದಳು. ಕಡ್ಡಿ ಶ್ವಾಸನಾಳದೊಳಗಿನ ಉಂಗುರಗಳ ಮೇಲೆ ಜಾರುವಾಗ ಬೆರಳಿಗೆ ಸಣ್ಣಗೆ ತಡೆತಡೆದು ತಾಗುತ್ತದೆ. ಅದು ಸಿಕ್ಕಿತೆಂದು ಕಣ್ಣಲ್ಲೇ ಹೇಳಿ ಟ್ಯೂಬು ಇಳಿಸಿದಳು. ನಾನು ಹೊಟ್ಟೆ, ಎದೆಯ ಎಡ, ಬಲ ಕೇಳಿದೆ. ಎರಡೂ ಕಡೆ ಗಾಳಿ ಹೋಗುತ್ತಿತ್ತು. ಹೆಬ್ಬೆರಳು ಎತ್ತಿ ತೋರಿಸಿದೆ.

ಆಂಬುಲೆನ್ಸಿನಲ್ಲಿ ಹಿಂದೆ ನಾವಿಬ್ಬರು ಮತ್ತು ಗಂಡ. ಮುಂದೆ ಡ್ರೈವರ್ ಪಕ್ಕ ಅವನ ಅಣ್ಣ. ಇಂಟರ್ನ್ ಚೀಲ ಒತ್ತುತ್ತಿದ್ದಳು, ನಾನು ಮಾನಿಟರ್ ಮತ್ತು ಸಲೈನು ನೋಡುತ್ತಿದ್ದೆ. ಶಿಕಾರಿಪುರದ ಸಂತೆಯ ಜನಸಂದಣಿಯಲ್ಲಿ ಗಾಡಿ ತೆವಳಿತು. ಊರು ದಾಟಿದ ಮೇಲೆ ವೇಗ ಹಿಡಿಯಿತು. ಸೈರನ್ನು, ಎಂಜಿನ್ನು, ಅಲುಗಾಡುವ ಬಾಗಿಲು. ಎದೆಯ ಮೇಲೆ ಸ್ಟೆತಾಸ್ಕೋಪು ಇಟ್ಟರೆ ರಸ್ತೆಯ ಸದ್ದೇ ಕೇಳುತ್ತಿತ್ತು. ಆ ಗಾಡಿಯಲ್ಲಿ ನನ್ನ ಕಿವಿಗೂ ಕೆಲಸವಿರಲಿಲ್ಲ.

ಆಕೆ ಈಗ ಪೂರ್ತಿ ಕಲ್ಲಾಗಿದ್ದಳು. ರೆಪ್ಪೆ ಬಿಡಿಸಿ ಟಾರ್ಚು ಬಿಟ್ಟರೆ ಕಣ್ಣಿನ ಪಾಪೆ ಅಗಲವಾಗಿ ನಿಂತೇ ಇತ್ತು. ಅಣ್ಣ ನಡುವಿನ ಕಿಟಕಿಯಿಂದ ಅದನ್ನು ನೋಡಿಬಿಟ್ಟ.

“ಹೋಗ್ಯಾಳ್ರೀ! ಕಣ್ಣು ನಿಂತೇ ಹೋಗೈತೆ. ಸತ್ತ ಹೆಣಕ್ಕೆ ಗಾಳಿ ಒತ್ತಿ ಏನ್ ಮಾಡ್ತೀರಿ? ಡ್ರೈವರ್, ಗಾಡಿ ತಿರುಗ್ಸು. ಹೊಸಬಾಳೆಗೆ ನಡಿ. ಮಣ್ಣಾದ್ರೂ ಊರಾಗೆ ಮಾಡಾನ.”

ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ಗಾಡಿ ನಿಧಾನವಾಯಿತು. ಆ ಮನುಷ್ಯ ಸ್ಟೇರಿಂಗಿಗೆ ಕೈ ಹಾಕಿದರೆ ಏನು ಗತಿ ಎಂದುಕೊಂಡೆ. “ಈ ವಿಷದಲ್ಲಿ ಕಣ್ಣು ಹೀಗೇ ಆಗುತ್ತೆ. ನಾಡಿ ಇದೆ, ಬಂದು ಮುಟ್ಟಿ ನೋಡಿ” ಎಂದು ಕೂಗಿದೆ. ಅವನು ನಂಬಲಿಲ್ಲ. ಆಗ ಗಂಡ ಹೆಂಡತಿಯ ಮಣಿಕಟ್ಟು ಹಿಡಿದು ನೋಡಿದ. ಬಹಳ ಹೊತ್ತು ಹಿಡಿದೇ ಇದ್ದ.

“ಬಡೀತೈತೆ ಅಣ್ಣಾ” ಎಂದ. “ತಿರುಗ್ಸಾದು ಬ್ಯಾಡ.”

ಇಷ್ಟೆಲ್ಲ ನಡೆಯುವಾಗ ಇಂಟರ್ನ್ ತಲೆ ಎತ್ತಿರಲಿಲ್ಲ. ಬೆನ್ನ ಹಿಂದಿನ ಕೂಗಾಟ ಅವಳಿಗೆ ತಲುಪಿದಂತೆ ಕಾಣಲಿಲ್ಲ. ಚೀಲ ಒತ್ತುತ್ತಲೇ ಆ ಕಲ್ಲು ಮುಖಕ್ಕೆ ಹೇಳುತ್ತಿದ್ದಳು. “ಅಕ್ಕಾ, ಊರು ದಾಟಿದ್ವಿ. ಈಗ ಬಾಯಲ್ಲಿರೋ ಜೊಲ್ಲು ಎಳೀತೀನಿ, ಸದ್ದಾಗುತ್ತೆ. ಈಗ ಕಣ್ಣಿಗೆ ಒದ್ದೆ ಬಟ್ಟೆ ಇಡ್ತೀನಿ.” ಯಾರಿಗೆ ಹೇಳುತ್ತಿದ್ದಾಳೆ ಎಂದು ನನಗೆ ಒಮ್ಮೆ ರೇಗಿತು. ಅಷ್ಟು ಹೆದರಿದ್ದೆ.

ಜಿಲ್ಲಾ ಕೇಂದ್ರ ಇನ್ನೂ ದೂರವಿರುವಾಗ ಮಾನಿಟರಿನಲ್ಲಿ ಆಕ್ಸಿಜನ್ನಿನ ಅಂಕೆ ಇಳಿಯತೊಡಗಿತು. ಸೈರನ್ನಿನ ಅಬ್ಬರದಲ್ಲಿ ಅದರ ಕೂಗು ನನಗೆ ಕೇಳಲೇ ಇಲ್ಲ. ಕೆಂಪು ದೀಪ ಇಬ್ಬರಿಗೂ ಒಟ್ಟಿಗೆ ಕಂಡಿತು. ತೊಂಬತ್ತು, ಎಂಬತ್ತೈದು, ಇನ್ನೂ ಕೆಳಗೆ. ಟ್ಯೂಬು ಹೊರಬಂದಿದೆ ಎಂದುಕೊಂಡು ಇಂಟರ್ನ್ ಅದನ್ನು ಕೀಳಲು ಕೈ ಹಾಕಿದಳು. ನಾನು ಅವಳ ಕೈ ಹಿಡಿದೆ. ಕಿತ್ತರೆ ಆ ಕುಲುಕಾಟದಲ್ಲಿ ಮತ್ತೆ ಹಾಕಲಾಗುವುದಿಲ್ಲ. ಅವಳ ಮಾತೂ ನಿಂತಿತು, ಒಂದು ಕ್ಷಣ ಇಬ್ಬರೂ ಹಾಗೇ ಇದ್ದೆವು. ಎದೆ ನೋಡಿದೆ, ಎರಡೂ ಕಡೆ ಏಳುತ್ತಿತ್ತು. ಟ್ಯೂಬು ಸರಿಯಾಗಿಯೇ ಇದೆ. ಹಾಗಾದರೆ ಮತ್ತೇನು? ಗಾಳಿಚೀಲದ ಹಿಂದೆ ಆಕ್ಸಿಜನ್ ತುಂಬಿಕೊಳ್ಳುವ ಇನ್ನೊಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಅದು ಸೊರಗಿ ಜೋತಾಡುತ್ತಿತ್ತು. ನಳಿಕೆಯನ್ನು ಕೈಯಲ್ಲಿ ಹಿಡಿದು ಹಿಂದೆ ಹಿಂದೆ ಹೋದೆ. ಸೀಟಿನ ಕೆಳಗೆ ಸಿಲಿಂಡರಿನ ಬಾಯಿಂದ ಅದು ಕಳಚಿ ಬಿದ್ದಿತ್ತು. ಸಿಕ್ಕಿಸಿ ಗಟ್ಟಿಯಾಗಿ ಹಿಡಿದುಕೊಂಡೆ. ಚೀಲ ಉಬ್ಬಿತು. ಅಂಕೆ ಏರಿತು. ಉಳಿದ ದಾರಿಯುದ್ದಕ್ಕೂ ನಾನು ಆ ಜೋಡಣೆಯಿಂದ ಕೈ ತೆಗೆಯಲಿಲ್ಲ.

ದೊಡ್ಡ ಆಸ್ಪತ್ರೆಯವರು ಆಕೆಯನ್ನು ವೆಂಟಿಲೇಟರಿಗೆ ಹಾಕಿಕೊಂಡರು. ಆದರೆ ಮರುದಿನವೂ ಬೆರಳು ಅಲುಗಲಿಲ್ಲ, ಅದರ ಮರುದಿನವೂ ಇಲ್ಲ. ಅಷ್ಟರಲ್ಲಿ ಗಂಡನ ಅಣ್ಣ ನಮ್ಮ ಪ್ರಿನ್ಸಿಪಾಲರನ್ನು ಕಂಡು ದೂರು ಕೊಟ್ಟಿದ್ದ. ಕಿವುಡಿಯ ಕೈಲಿ ಪೈಪು ಹಾಕಿಸಿದರು, ಮೊದಲು ತಪ್ಪು ಜಾಗಕ್ಕೆ ಹಾಕಿದಳು ಎಂದು. ಎರಡೂ ಸುಳ್ಳಾಗಿರಲಿಲ್ಲ.

ಮಂಡಳಿ ಸೇರಿತು. ಆ ಸಭೆಗೆ ಹೋಗುವಾಗ ಆಂಬುಲೆನ್ಸಿನಲ್ಲಿ ಹೆದರಿದ್ದಕ್ಕಿಂತ ಹೆಚ್ಚು ಹೆದರಿದ್ದೆ. ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಮೊದಲ ಟ್ಯೂಬು ತಪ್ಪಿದ್ದನ್ನೂ ಹೇಳಿದೆ, ಅವಳು ಟ್ಯೂಬು ಕೀಳಲು ಹೋದದ್ದನ್ನೂ ಹೇಳಿದೆ. ಪ್ರಿನ್ಸಿಪಾಲರು, “ರೋಗಿ ಏನಾಗುತ್ತಾರೋ ನೋಡಿಕೊಂಡು ತೀರ್ಮಾನ ಮಾಡೋಣ” ಎಂದರು.

“ಬೇಡ ಸರ್” ಎಂದೆ. “ಆಕೆ ಉಳಿದರೆ ಇವಳು ಯೋಗ್ಯಳು, ಸತ್ತರೆ ಅಯೋಗ್ಯಳು ಅಂತ ಆಗಬಾರದು. ಟ್ಯೂಬು ಸರಿಯಾದ ಜಾಗದಲ್ಲಿತ್ತೋ ಇಲ್ಲವೋ, ಅದನ್ನಷ್ಟೇ ನೋಡಿ.”

ಮೊದಲು ಬಾಯಿ ಬಿಟ್ಟವರು ಹಿರಿಯ ಸರ್ಜನ್. “ಮೊದಲ ಸಲ ಅನ್ನನಾಳಕ್ಕೆ ನಾನೂ ಹಾಕಿದ್ದೇನೆ” ಎಂದರು. “ಆದರೂ ಎದೆ ಕೇಳುವುದಕ್ಕೆ ಇನ್ನೊಬ್ಬರು ಪಕ್ಕದಲ್ಲಿರಲೇಬೇಕು. ಆ ಷರತ್ತು ಬರೆದರೆ ನನ್ನ ಒಪ್ಪಿಗೆ ಇದೆ.” ಆ ಷರತ್ತು ನನಗೆ ಸರಿಯಾಗಿಯೇ ಕಂಡಿತು. ಹೆಚ್ಚು ಕೇಳಲಿಲ್ಲ. ಮುಂದಿನವರಿಗೂ ತುರ್ತು ಕೋಣೆ ತೆರೆಯಿತು. ರೋಗಿ ಮಾತ್ರ ಆಗಿನ್ನೂ ಕಣ್ಣು ಬಿಟ್ಟಿರಲಿಲ್ಲ.

ಆಕೆಯ ಕಾಲ್ಬೆರಳು ಅಲುಗಿತೆಂದು ಐಸಿಯುನಿಂದ ಫೋನು ಬಂದದ್ದು ಆಮೇಲೆ. ಟ್ಯೂಬು ತೆಗೆದು ವಾರ್ಡಿಗೆ ತಂದ ಮೇಲೆ ಇಂಟರ್ನ್ ಹುಡುಗಿಯನ್ನು ಕರೆದುಕೊಂಡು ನೋಡಲು ಹೋದೆ. ಗಂಡ ಎಳನೀರು ಕುಡಿಸುತ್ತಿದ್ದ. ಅಣ್ಣ ಕಿಟಕಿಯ ಹತ್ತಿರ ನಿಂತಿದ್ದ. ನಮ್ಮನ್ನು ಕಂಡು ಮುಖ ತಿರುಗಿಸಿದ.

“ಪೈಪ್ ಹಾಕಿದ್ದು ನೆಪ್ಪಿಲ್ರೀ ಅಮ್ಮೋರೆ” ಎಂದಳು ಆಕೆ. ಗಂಟಲು ಒಡೆದಿತ್ತು. “ಗಾಡಿಯಾಗಿಂದೆಲ್ಲ ನೆಪ್ಪೈತೆ. ಕಣ್ಣು ಬಿಡಾಕೆ ಆಗ್ತಿರ್ಲಿಲ್ಲ, ಕೈ ಎತ್ತಾಕೆ ಆಗ್ತಿರ್ಲಿಲ್ಲ. ಕೇಳಾದೆಲ್ಲ ಕೇಳ್ತಿತ್ತು.”

ಕಿಟಕಿಯ ಹತ್ತಿರವಿದ್ದವನು ತಿರುಗಿದ. ಆಕೆ ಅವನ ಕಡೆ ನೋಡದೆಯೇ ಹೇಳಿದಳು, “ಭಾವ ಮಣ್ಣು ಮಾಡಾನ ಅಂದದ್ದೂ ಕೇಳ್ತು.”

ಅವನು ನಿಂತಲ್ಲೇ ಕುಸಿದು ಕುಳಿತ. ತಲೆಗೆ ಸುತ್ತಿದ್ದ ಟವೆಲ್ ತೆಗೆದು ಮುಖಕ್ಕೆ ಒತ್ತಿಕೊಂಡ. ಅವನಿಗೆ ಸಮಾಧಾನ ಹೇಳಬೇಕೆಂದು ನನಗೆ ಅನ್ನಿಸಿತು. ಅವನೂ ನನ್ನಷ್ಟೇ ಹೆದರಿದ್ದ. ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಅವನ ಪಕ್ಕ ಇಟ್ಟೆ.

“ನಿಮಗೆ ಬಹಳ ಹೆದರಿಕೆ ಆಗಿತ್ತಾ?” ಎಂದು ಆಕೆಯನ್ನೇ ಕೇಳಿದೆ.

“ಆಗಿತ್ರೀ. ಈ ತಂಗಿ ಈಗ ಇದು ಮಾಡ್ತೀನಿ, ಈಗ ಅದು ಮಾಡ್ತೀನಿ ಅಂತ ಹೇಳ್ತಿತ್ತು. ಅಷ್ಟೊತ್ತೂ ಬದುಕಿದೀನಿ ಅಂತ ಗೊತ್ತಾಗ್ತಿತ್ತು. ನಡುವೆ ಒಂದು ಸಲ ನೀವಿಬ್ರೂ ಸುಮ್ಮನಾದ್ರಿ ನೋಡ್ರಿ, ಆಗ ಸತ್ತೆ ಅಂದ್ಕಂಡೆ.”

ಇಂಟರ್ನ್ ನನ್ನ ಮುಖ ನೋಡಿದಳು. ಅದು ಯಾವಾಗ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಮಂಚದ ಅಂಚಿನಲ್ಲಿ ಕುಳಿತು ಆಕೆಯ ಕೈ ಹಿಡಿದುಕೊಂಡಳು.

“ತಪ್ಪಾಯ್ತು ಅಕ್ಕಾ. ಇನ್ನೊಂದು ಸಲ ಸುಮ್ಮನಾಗಲ್ಲ.”

ಆಕೆಗೆ ನಗು ಬಂತು. ನಗಲು ಹೋಗಿ ಕೆಮ್ಮಿದಳು.

“ಇನ್ನೊಂದು ಸಲ ಬ್ಯಾಡವ್ವ” ಎಂದಳು. “ಒಂದೇ ಸಾಕು.”